ಪೈಲ್ವಾನರಿಗೆ ಆಯೇರಿ

ಅವರ ಎಡಹುಬ್ಬಿನಲ್ಲಿ ಕೂದಲೇ ಇರಲಿಲ್ಲ. ಹುಬ್ಬು ಇರಬೇಕಾದ ಜಾಗದಲ್ಲಿ ಒಡೆದು ಕೂಡಿ, ಮತ್ತೆ ಒಡೆದು ಕೂಡಿದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮಾತನಾಡುವಾಗ ಬಲಹುಬ್ಬು ಮೇಲೇರುತ್ತಿತ್ತು, ಎಡಗಡೆ ಏನೂ ಅಲುಗುತ್ತಿರಲಿಲ್ಲ. ಹೀಗಾಗಿ ನೀವು ಏನು ಹೇಳಿದರೂ ಅರ್ಧ ಮಾತ್ರ ನಂಬಿದವರ ಹಾಗೆ ಕಾಣುತ್ತಿದ್ದರು. ನ್ಯೂಜೆರ್ಸಿಯ ನಾರ್ತ್ ಬರ್ಗನ್ನಿನ ಆ ಹಳೆಯ ಬಾಡಿಗೆ ಮನೆಯ ಮೇಲಂತಸ್ತಿಗೆ ನಾನು ಮತ್ತು ಅವ್ವ ಸಾಮಾನು ಏರಿಸುತ್ತಿದ್ದ ದಿನ ಅವರು ಕೆಳಮನೆಯ ಬಾಗಿಲು ತೆರೆದು ಬಂದು, ಯಾರೂ ಕೇಳದಿದ್ದರೂ ನಮ್ಮ ಹಾಸಿಗೆಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿದರು. ಅಷ್ಟು ದೊಡ್ಡ ಆಳು ಹತ್ತಿದರೂ ಆ ಮರದ ಮೆಟ್ಟಿಲು ಚೂರೂ ಸಪ್ಪಳ ಮಾಡಲಿಲ್ಲ. ನಾನು ಹತ್ತಿದರೆ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು.

ನಮ್ಮವ್ವ ಗದಗ ಜಿಲ್ಲೆಯವಳು, ಮುಚ್ಚುಮರೆ ಗೊತ್ತಿಲ್ಲದವಳು. ಹಾಸಿಗೆ ಇಳಿಸಿ ನಿಂತ ಮನುಷ್ಯನ ಮುಖ ನೋಡಿದವಳೇ, "ಹುಬ್ಬು ಎಲ್ಲಿ ಹೋತೋ ತಮ್ಮಾ?" ಎಂದುಬಿಟ್ಟಳು. ನಾನು ಅದನ್ನು ಇಂಗ್ಲಿಷಿನಲ್ಲಿ ಬೇರೇನೋ ಮಾಡಿ ಹೇಳಲು ಹೊರಟೆ. ಅವಳ ಬೆರಳು ಅವಳ ಹುಬ್ಬಿನ ಮೇಲೇ ಇತ್ತಲ್ಲ, ಅವರಿಗೆ ನನ್ನ ಸಹಾಯವೇನೂ ಬೇಕಾಗಲಿಲ್ಲ.

"ಅಟ್ಲಾಂಟಿಕ್ ಸಿಟಿಯಲ್ಲಿ ಬಿಟ್ಟು ಬಂದೆ ಅಂತ ಹೇಳಿ," ಎಂದರು. ಅವರ ಇಂಗ್ಲಿಷಿನಲ್ಲಿ ಅರ್ಧ ಸ್ಪ್ಯಾನಿಷ್ ಇರುತ್ತಿತ್ತು. ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಕ್ಯೂಬಾದವರು, ಬಾಕ್ಸರ್, ಒಂದು ಕಾಲಕ್ಕೆ ಆ ದೇಶದ ಚಾಂಪಿಯನ್ ಎಂದು ಅವ್ವನಿಗೆ ಹೇಳಿದೆ. ಅವ್ವನ ಅಣ್ಣ ಹರೆಯದಲ್ಲಿ ಗರಡಿಮನೆಯ ಮಣ್ಣು ಮೆತ್ತಿಕೊಂಡು ತಿರುಗಿದವನು. "ಅಂದ್ರ ಪೈಲ್ವಾನ ಅನ್ನು," ಎಂದು ಅವಳು ಅಲ್ಲಿಗೆ ವಿಷಯ ಮುಗಿಸಿದಳು. ಆಮೇಲೆ ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಈಗ ಬರೆಯುವಾಗಲೂ ನನಗೆ ಬೇರೆ ಹೆಸರು ಬರುತ್ತಿಲ್ಲ.

ನಾನು ಸೀಕಾಕಸ್‌ನಿಂದ ರೈಲು ಹಿಡಿದು ಮಾರಿಸ್‌ಟೌನಿಗೆ ಕಮ್ಯೂಟ್ ಮಾಡುವವಳು. ಪೈಲ್ವಾನರು ಸೀಕಾಕಸ್‌ನ ಒಂದು ವೇರ್‌ಹೌಸಿನಲ್ಲಿ ಬೆಳಗಿನ ಪಾಳಿ ಮಾಡಿ, ಸಂಜೆ ಜಿಮ್ಮಿಗೆ ಹೋಗುತ್ತಿದ್ದರು. ಹೀಗಾಗಿ ಬೆಳಿಗ್ಗೆ ಹೋಗುವ ದಾರಿಯಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಡುವುದು ರೂಢಿಯಾಯಿತು. ನನಗೆ ಬಾಕ್ಸಿಂಗ್ ಎಂದರೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಕಾರು ಅವರದು, ಕೇಳದೆ ವಿಧಿಯಿರಲಿಲ್ಲ. ದಿನಕ್ಕಿಷ್ಟರಂತೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅವರ ಕತೆ ನನಗೆ ಸಿಕ್ಕಿತು.

ಹುಟ್ಟಿದ್ದು ಸಕ್ಕರೆ ಕಾರ್ಖಾನೆಯ ಊರಿನಲ್ಲಿ, ಸುತ್ತ ಕಬ್ಬು. ಚಿಕ್ಕಂದಿನಲ್ಲೇ ಸರ್ಕಾರದ ಕ್ರೀಡಾಶಾಲೆ ಅವರನ್ನು ಎತ್ತಿಕೊಂಡು ಹೋಯಿತು. ಅಲ್ಲಿ ಮೊದಲ ವರ್ಷ ಪೂರ್ತಿ ಯಾರಿಗೂ ಹೊಡೆಯಲು ಬಿಡಲಿಲ್ಲವಂತೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಅದರ ಮೇಲೆ ಹೆಜ್ಜೆ ಹಾಕಿಸುವುದು, ಹೆಜ್ಜೆ ತೆಗೆಸುವುದು, ಅಷ್ಟೇ. "ಹೊಡೆಯೋದು ಯಾರಿಗಾದ್ರೂ ಬರತ್ತೆ. ಅಲ್ಲಿ ಇಲ್ಲದೇ ಇರೋದನ್ನ ಕಲಿಯಬೇಕು," ಎಂದು ಅವರ ಗುರು ಹೇಳುತ್ತಿದ್ದರಂತೆ. ಅಲ್ಲಿ ಇಲ್ಲದೇ ಇರುವುದೆಂದರೆ ಎದುರಾಳಿಯ ಮುಷ್ಟಿ ಬರುವಷ್ಟರಲ್ಲಿ ನಮ್ಮ ಮುಖ ಆ ಜಾಗದಲ್ಲಿ ಇಲ್ಲದೇ ಇರುವುದು. ಅದರಲ್ಲಿ ಅವರನ್ನು ಮೀರಿಸುವವರು ಇಡೀ ದ್ವೀಪದಲ್ಲಿ ಇರಲಿಲ್ಲ. ದೇಶದ ಚಾಂಪಿಯನ್ ಆದರು, ಹೊರದೇಶಗಳಲ್ಲಿ ಪದಕ ಗೆದ್ದರು. ಸರ್ಕಾರ ಅವರ ತಾಯಿಗೆ ಒಂದು ಫ್ರಿಜ್ಜು ಕೊಟ್ಟಿತು. ಕಾರ್ಖಾನೆಯ ಓಣಿಯ ಹೆಂಗಸರೆಲ್ಲ ಅದರಲ್ಲಿ ನೀರಿಟ್ಟು ತಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು ಎಂದು ಹೇಳುವಾಗ ಅವರ ಬಲಹುಬ್ಬು ಹಣೆಯ ತುದಿ ಮುಟ್ಟುತ್ತಿತ್ತು.

ಮತ್ತೊಂದು ಪಂದ್ಯಕ್ಕೆಂದು ಹೊರದೇಶಕ್ಕೆ ಹೋದಾಗ ಒಂದು ಮಧ್ಯಾಹ್ನ ತಂಡದವರೆಲ್ಲ ಊಟಕ್ಕೆ ಕುಳಿತಿದ್ದರು. ಇವರು ಚಪ್ಪಲಿಯಲ್ಲೇ ಹೋಟೆಲಿನ ಹಿಂಬಾಗಿಲಿನಿಂದ ಹೊರಬಿದ್ದರು. ಗುರುವಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಹಾಗೆ ಬಿಟ್ಟು ಬಂದವರನ್ನು ಅಲ್ಲಿನ ಸರ್ಕಾರ ವರ್ಷಗಟ್ಟಲೆ ಊರಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ವರ್ಷಗಳಲ್ಲೇ ತಾಯಿ ತೀರಿಕೊಂಡರು, ಸುದ್ದಿ ಫೋನಿನಲ್ಲಿ ಬಂತು. ಇದನ್ನು ಹೇಳಿದ ದಿನ ಅವರು ನನ್ನ ಸ್ಟೇಷನ್ನು ದಾಟಿ ಮುಂದೆ ಹೋಗಿದ್ದರು.

ಇಲ್ಲಿಗೆ ಬಂದು ಪ್ರೊಫೆಷನಲ್ ಆದರು. ಮೊದಮೊದಲು ಗೆಲುವಿನ ಮೇಲೆ ಗೆಲುವು, ಗೋಡೆಯ ಮೇಲೆ ಪೋಸ್ಟರು. ಆದರೆ ದುಡ್ಡು ಕೊಟ್ಟು ಬಂದ ಜನಕ್ಕೆ ಅಲ್ಲಿ ಇಲ್ಲದೇ ಇರುವ ಬಾಕ್ಸರ್ ಬೇಕಾಗಿರಲಿಲ್ಲ. ಇವರು ತಪ್ಪಿಸಿಕೊಂಡು, ಮುಟ್ಟಿ, ಮತ್ತೆ ತಪ್ಪಿಸಿಕೊಂಡು ಗೆದ್ದರೆ ಕೂಗಿ ಛೀಮಾರಿ ಹಾಕುತ್ತಿದ್ದರು. ಓಡುಗಾಲಿನವನು ಎಂದರು. ಮ್ಯಾನೇಜರು, "ನಿಂತು ಹೊಡೆದಾಡು, ಇಲ್ಲದಿದ್ದರೆ ಯಾರೂ ನಿನ್ನನ್ನು ಕರೆಯುವುದಿಲ್ಲ," ಎಂದ. ಇವರು ನಿಂತರು. ಅದಕ್ಕೆ ಕೊಟ್ಟ ಬೆಲೆ ಅವರ ಮುಖದ ಮೇಲೇ ಇತ್ತು. ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಚಾಂಪಿಯನ್ ಪಟ್ಟದ ಪಂದ್ಯವೊಂದರಲ್ಲಿ ಪೂರ್ತಿ ಹನ್ನೆರಡು ರೌಂಡು, ಬಿದ್ದಾಗಲೆಲ್ಲ ಎದ್ದು ನಿಂತು ಹೊಡೆಸಿಕೊಂಡು ಸೋತರು. ಅಲ್ಲಿಂದ ಮುಂದೆ ಅವರನ್ನು ಕರೆಯುತ್ತಿದ್ದುದು ಬೇರೆ ಯಾರೋ ಹುಡುಗನ ಗೆಲುವಿನ ಲೆಕ್ಕ ಹೆಚ್ಚಿಸಲಿಕ್ಕೆ ಮಾತ್ರ.

ಇದನ್ನೆಲ್ಲ ನಾನು ಅವ್ವನಿಗೆ ಹೇಳಿದರೆ ಅವಳಿಗೆ ಒಂದೇ ಸಿಟ್ಟು. "ಬಿದ್ದಾಂವನ್ನ ಎಬ್ಬಿಸಿ ಮತ್ತ ಬಡೀತಾರೇನ? ನಮ್ಮ ಕುಸ್ತ್ಯಾಗ ಬೆನ್ನಿಗೆ ಮಣ್ಣ ಹತ್ತಿತಂದ್ರ ಮುಗೀತು. ಗೆದ್ದಾಂವನ ಸೋತಾಂವನ ಮೈ ಝಾಡಿಸಿ ಎಬ್ಬಸ್ತಾನ. ಇದೆಂಥಾ ಆಟನವಾ, ಎದ್ದು ನಿಂತದ್ದ ತಪ್ಪ?"

ಎರಡನೇ ಚಳಿಗಾಲದಲ್ಲಿ ಅವ್ವ ಮುಂಬಾಗಿಲ ಐಸಿನ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಚೆನ್ನಾಗಿ ಆಯಿತು, ಫಿಸಿಯೋಥೆರಪಿಯ ಹುಡುಗಿ ಮನೆಗೇ ಬಂದು ಕಲಿಸಿದಳು, ಎಲುಬು ಕೂಡಿತು. ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಹೆದರಿಬಿಟ್ಟಿದ್ದಳು. ನಾನು ಬೇಡಿಕೊಂಡೆ, ಬೈದೆ, ಅತ್ತೆ. "ನಂದ ಮುಗೀತವಾ," ಎಂದು ಕಿಟಕಿಯ ಕಡೆ ಮುಖ ಮಾಡಿದಳು. ಅಪ್ಪ ಹೋದಮೇಲೆ ನನಗೆ ಉಳಿದಿದ್ದವಳು ಅವಳೊಬ್ಬಳು. ಅವಳು ಹೀಗೆ ಕುಳಿತಲ್ಲೇ ಆರಿಹೋಗುತ್ತಾಳೆಂದು ನನಗೆ ಖಾತ್ರಿಯಾಗಿತ್ತು.

ಒಂದು ಭಾನುವಾರ ಪೈಲ್ವಾನರು ಸಪ್ಪಳವಿಲ್ಲದೆ ಮೇಲೆ ಬಂದು, ನಮ್ಮ ಉದ್ದನೆಯ ಓಣಿಯಂಥ ಹಾಲಿನಲ್ಲಿ ಮೊಣಕಾಲೂರಿ ಕುಳಿತು ಬಿಳಿ ಟೇಪಿನಿಂದ ನೆಲದ ಮೇಲೆ ಗೆರೆ ಅಂಟಿಸಿದರು. ಅವ್ವನ ಎದುರು ನಿಂತು ಎರಡೂ ಅಂಗೈ ಚಾಚಿದರು. "ಅವ್ವಾ," ಎಂದರು. ನಾನು ಕರೆಯುವುದನ್ನು ಕೇಳಿ ಅದನ್ನೇ ಕಲಿತಿದ್ದರು. "ಬೀಳಲ್ಲ ಅಂತ ನಾನು ಹೇಳಲ್ಲ. ನಾನು ಎಷ್ಟು ಸಲ ಬಿದ್ದಿದೀನಿ ಅಂತ ಇವಳನ್ನ ಕೇಳಿ. ಕಾಲು ಕತ್ತರಿ ಹಾಕಬಾರದು, ಅಷ್ಟೇ."

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಬಹಳ ಹೊತ್ತು ಅವರ ಬೋಳು ಹುಬ್ಬನ್ನೇ ನೋಡಿದಳು. ಆಮೇಲೆ ಆ ಅಂಗೈಗಳ ಮೇಲೆ ತನ್ನ ಅಂಗೈ ಇಟ್ಟಳು.

ಆ ಚಳಿಗಾಲ ಪೂರ್ತಿ ನಮ್ಮ ಆ ಹಾಲ್ ಗರಡಿಮನೆ. ಎಡಗಾಲು ಮುಂದೆ, ಬಲಗಾಲು ಅದರ ಹಿಂದೆ, ಕತ್ತರಿ ಇಲ್ಲ. ಅವರು ಹಿಂದೆ ಹಿಂದೆ ಸರಿಯುತ್ತಿದ್ದರು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ ಅವ್ವ ಮುಂದೆ ಮುಂದೆ. ಅವರು ಸ್ಪ್ಯಾನಿಷಿನಲ್ಲಿ ಹುರಿದುಂಬಿಸುತ್ತಿದ್ದರು, ಅವಳು ಕನ್ನಡದಲ್ಲಿ ಬಯ್ಯುತ್ತಿದ್ದಳು. ಹಿಮ ಕರಗುವ ಹೊತ್ತಿಗೆ ಅವ್ವ ಕೋಲು ಹಿಡಿದು ಒಬ್ಬಳೇ ಕೆಳಗಿಳಿದು ಅವರ ಮನೆಯ ಬಾಗಿಲು ತಟ್ಟಿದಳು.

ಅದಕ್ಕೇ ಆಯೇರಿ. ನಮ್ಮ ಕಡೆ ಮನೆಗೆ ಬೇಕಾದವರನ್ನು ಉಣಿಸಿ, ಬಟ್ಟೆ ಕೊಟ್ಟು ಮರ್ಯಾದೆ ಮಾಡದೆ ಕಳಿಸುವುದಿಲ್ಲ. ಹೆಂಗಸರಿಗೆ ಕುಪ್ಪಸದ ಖಣ, ಗಂಡಸರಿಗೆ ಬಿಳಿ ಟಾವೆಲ್ಲು, ಬಿಳಿ ಟೊಪ್ಪಿಗೆ. ಅಮೆರಿಕಕ್ಕೆ ಬರುವಾಗ ಅವ್ವನ ಸೂಟ್‌ಕೇಸಿನಲ್ಲಿ ಅರ್ಧ ಜೋಳದ ಹಿಟ್ಟು, ಇನ್ನರ್ಧ ಆಯೇರಿಯ ಟಾವೆಲ್ಲು. "ಇಲ್ಲಿ ಯಾರಿಗೆ ಹಾಕ್ತೀಬೇ ಇವನ್ನೆಲ್ಲ?" ಎಂದು ನಾನು ನಕ್ಕಿದ್ದೆ. ಈಗ ಪೈಲ್ವಾನರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದು, ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಬಡಿಸಿದಳು. ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು. ಆಕೆಯ ಉಡಿ ತುಂಬಿದ್ದಾಯಿತು. ಪೈಲ್ವಾನರನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ತಲೆಗೆ ಟೊಪ್ಪಿಗೆ ಇಟ್ಟು, ಮಡಿಕೆ ಬಿಚ್ಚಿದ ಬಿಳಿ ಟಾವೆಲ್ಲನ್ನು ಹೆಗಲಿಗೆ ಹೊದಿಸಿದಳು.

ಹೆಂಡತಿ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು. ಪೈಲ್ವಾನರು ಕಲ್ಲಿನ ಹಾಗೆ ಕುಳಿತಿದ್ದರು. ಟಾವೆಲ್ಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, "ಇದನ್ನ ಯಾಕೆ ಹಾಕಿದ್ರು?" ಎಂದು ನನ್ನನ್ನು ಕೇಳಿದರು.

"ಮರ್ಯಾದೆ. ನೀವು ನಮ್ಮವರು ಅಂತ."

"ನಮ್ಮಲ್ಲಿ ಇದನ್ನ ರಿಂಗಿನೊಳಗೆ ಎಸೀತಾರೆ. ನಮ್ಮವನು ಸೋತ, ನಿಲ್ಲಿಸಿ ಅಂತ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವ್ವನಿಗೆ ಹೇಳಿದೆ. ಅವಳು ಗಾಬರಿಯಾಗಿ ಟಾವೆಲ್ಲು ತೆಗೆಯಲು ಹೋದಳು. ಅವರು ಬಿಡಲಿಲ್ಲ, ಅವಳ ಕೈಯನ್ನು ಹೆಗಲ ಮೇಲೆಯೇ ಹಿಡಿದುಕೊಂಡರು. ಆಗ ಹೇಳಿದ ಮಾತನ್ನು ಅವರು ಕಾರಿನಲ್ಲಿ ಯಾವತ್ತೂ ಹೇಳಿರಲಿಲ್ಲ.

ಕ್ಯೂಬಾದಲ್ಲಿದ್ದಾಗ ಒಮ್ಮೆ ಗುರು ಟಾವೆಲ್ಲು ಎಸೆದಿದ್ದರಂತೆ. ಇವರು ಹರೆಯದ ಬಿಸಿಯಲ್ಲಿ ಗುರುವಿನ ಜೊತೆ ಮಾತು ಬಿಟ್ಟಿದ್ದರು. ಗುರು ಅಂದದ್ದು ಇಷ್ಟೇ: "ನಿನ್ನನ್ನ ನಿನ್ನ ತಾಯಿಗೆ ಪೂರ್ತಿಯಾಗಿ ವಾಪಸ್ ಕೊಡಬೇಕು ನಾನು." ಆಮೇಲೆ ಅಟ್ಲಾಂಟಿಕ್ ಸಿಟಿ. "ಕಡೆಯ ರೌಂಡುಗಳಲ್ಲಿ ನನಗೆ ಕಣ್ಣು ಕಾಣ್ತಿರಲಿಲ್ಲ. ನಾನು ನನ್ನ ಕಾರ್ನರ್ ಕಡೆ, ಬಾಕ್ಸರ್ ಕಡೆಯವರು ನಿಲ್ಲೋ ಮೂಲೆ ಕಡೆ, ನೋಡಿದೆ. ನಿಲ್ಲಿಸಿ ಅಂತ ಬಾಕ್ಸರ್ ಬಾಯಿಬಿಟ್ಟು ಕೇಳೋ ಹಾಗಿಲ್ಲ. ನೋಡಬಹುದು, ಅಷ್ಟೇ. ಅಲ್ಲಿ ನಿಂತಿದ್ದವರೆಲ್ಲ ಮ್ಯಾನೇಜರು ಕರೆಸಿದ ಜನ. ಕೈಕಟ್ಟಿ ನಿಂತಿದ್ರು. ಆ ಟಾವೆಲ್ ಎಸೆಯೋಕೆ ನಮ್ಮವರು ಅಂತ ಒಬ್ರು ಇರಬೇಕು."

ಅವ್ವನಿಗೆ ಇದನ್ನು ಹೇಳಿದೆ. ಅವಳು ಟಾವೆಲ್ಲನ್ನು ಇನ್ನಷ್ಟು ಎಳೆದು, ಎರಡೂ ಹೆಗಲು ಮುಚ್ಚುವಂತೆ ಸರಿಪಡಿಸಿದಳು.

ನಲವತ್ತು ದಾಟಿದಮೇಲೆ ಅವರಿಗೆ ಕೊನೆಯದಾಗಿ ಒಂದು ಪಂದ್ಯ ಬಂತು. ದಕ್ಷಿಣ ಜೆರ್ಸಿಯ ಸಣ್ಣ ಊರಿನಲ್ಲಿ, ಆಗಷ್ಟೇ ಹೆಸರು ಮಾಡುತ್ತಿದ್ದ ಹುಡುಗನೊಬ್ಬನ ಎದುರು. ಆ ಹೊತ್ತಿಗಾಗಲೇ ಅವರ ಮಾತು ಆಗಾಗ ತೊದಲುತ್ತಿತ್ತು, ತಲೆನೋವಿನ ದಿನ ಪರದೆ ಎಳೆದು ಮಲಗುತ್ತಿದ್ದರು. ಡಾಕ್ಟರರ ಪರೀಕ್ಷೆಗಳಲ್ಲಿ ಏನೂ ಕಾಣಿಸಲಿಲ್ಲ, ಹೆಂಡತಿಗೆ ಕಾಣಿಸುತ್ತಿತ್ತು. ಬೇಡವೆಂದು ಹಟ ಹಿಡಿದಳು. ನಾನೂ ಕಾರಿನಲ್ಲಿ ಜಗಳವಾಡಿದೆ. "ಒಂದೇ ಒಂದು ಸಲ ನಮ್ಮ ಕ್ಯೂಬಾದ ಹಾಗೆ ಆಡ್ತೀನಿ," ಎಂದರು. "ಇಷ್ಟು ವರ್ಷ ಅವರಿಗೆ ಬೇಕಾದ ಹಾಗೆ ಆಡಿದೆ. ನಂದು ಅನ್ನೋದನ್ನ ಈ ದೇಶದಲ್ಲಿ ಯಾರೂ ನೋಡೇ ಇಲ್ಲ." ಕಡೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಜಿಮ್ಮಿನ ಮುದಿ ಟ್ರೇನರಿನ ಪಕ್ಕ ಕಾರ್ನರಿನಲ್ಲಿ ಹೆಂಡತಿಯೂ ನಿಲ್ಲಬೇಕು, ಅವ್ವ ಕೊಟ್ಟ ಟಾವೆಲ್ಲು ಆಕೆಯ ಕೈಯಲ್ಲಿರಬೇಕು.

ಅವ್ವ ಬರುತ್ತೇನೆಂದಳು. ಮುಂದಿನ ಸಾಲಿನಲ್ಲಿ, ಕಾರ್ನರಿನ ಹಿಂದೆಯೇ ಕುಳಿತೆವು. ಹೆಸರುವಾಸಿಯಾದವರ ಪಂದ್ಯ ಕೊನೆಗೆ, ಇವರದು ಸಂಜೆಯ ಮೊದಮೊದಲಿಗೆ. ಅರ್ಧಕ್ಕರ್ಧ ಕುರ್ಚಿ ಖಾಲಿ, ಜನ ಇನ್ನೂ ತಿಂಡಿ ಹಿಡಿದು ಒಳಗೆ ಬರುತ್ತಿದ್ದರು.

ಆ ಮೊದಲ ರೌಂಡು ನಾನು ನೋಡಿದೆ. ಬಾಕ್ಸಿಂಗ್ ಎಂದರೆ ಆಗದ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಹುಡುಗ ಬೀಸಿದಲ್ಲೆಲ್ಲ ಬರೀ ಗಾಳಿ. ಪೈಲ್ವಾನರ ತಲೆ ಒಂದು ಗೇಣು ಈಚೆ, ಒಂದು ಗೇಣು ಆಚೆ, ಕಾಲುಗಳು ನಮ್ಮ ಹಾಲಿನಲ್ಲಿ ಸರಿಯುತ್ತಿದ್ದ ಹಾಗೆಯೇ ಸರಿಯುತ್ತಿದ್ದವು. ಅವನು ತೆರೆದುಕೊಂಡಾಗ ಇವರ ಎಡಗೈ ಹೋಗಿ ಮುಟ್ಟಿ ಬರುತ್ತಿತ್ತು. ಯಾರೋ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ತಿಂಡಿ ಹಿಡಿದು ಬರುತ್ತಿದ್ದವರು ನಡುದಾರಿಯಲ್ಲೇ ನಿಂತುಬಿಟ್ಟರು. ಒಬ್ಬ ಮನುಷ್ಯ ಹುಟ್ಟಿ ಬಂದದ್ದೇ ಇದಕ್ಕೆ ಎನ್ನುವ ಹಾಗಿತ್ತು ಅದು.

ಎರಡನೆಯದರಲ್ಲಿ ಕಾಲುಗಳು ಸೋತವು. ಮೂರನೆಯದರಲ್ಲಿ ಹುಡುಗ ಹಗ್ಗಕ್ಕೆ ಒತ್ತಿ ಹೊಡೆಯತೊಡಗಿದ. ಎಡಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಆಗ ಪೈಲ್ವಾನರು ಕಾರ್ನರಿನ ಕಡೆ ನೋಡಿದರು. ಒಂದೇ ಒಂದು ಸಲ. ಹೆಂಡತಿ ಟಾವೆಲ್ಲನ್ನು ಎದೆಗವಚಿಕೊಂಡು ನಿಂತಿದ್ದಳು, ಕೈ ಏಳಲಿಲ್ಲ. ಅವರ ಆಸೆಯನ್ನು ತನ್ನ ಕೈಯಾರೆ ಹೇಗೆ ಮುಗಿಸಿಯಾಳು?

"ಒಗಿಯವಾ!" ಅವ್ವ ಕೋಲೂರಿ ಎದ್ದು ನಿಂತು ಕೂಗಿದಳು. "ನೋಡಾಕತ್ಯಾನ ನಿನ್ನ ಕಡೆ! ಒಗೀ ಟಾವೆಲ್ಲ!"

ಆಕೆಗೆ ಕನ್ನಡ ಬಾರದು. ಅವ್ವನ ಮುಖ ನೋಡಿದಳು, ಎಸೆದಳು. ರೆಫರಿ ನಡುವೆ ಬಂದು ಇಬ್ಬರನ್ನೂ ಬಿಡಿಸಿದ.

ಪೈಲ್ವಾನರು ಬಗ್ಗಿ ನೆಲದ ಮೇಲಿನ ಟಾವೆಲ್ಲು ಎತ್ತಿಕೊಂಡರು. ಮುಖ ಒರೆಸಿಕೊಳ್ಳಲಿಲ್ಲ. ಅವ್ವ ಹೊದಿಸಿದ್ದ ಹಾಗೆಯೇ ಎರಡೂ ಹೆಗಲಿಗೆ ಹೊದ್ದುಕೊಂಡು ಕೆಳಗಿಳಿದರು. ಹೆಂಡತಿ ಅವರ ಎದೆಗೆ ಹಣೆ ಹಚ್ಚಿ ಅತ್ತಳು.

ವಾಪಸು ಬರುವಾಗ ಹೆಂಡತಿ ಕಾರು ಓಡಿಸಿದಳು, ಅವರು ಹಿಂದೆ ಅವ್ವನ ಪಕ್ಕ ಕುಳಿತರು. "ಅವ್ವಾ, ಮೊದಲ ರೌಂಡ್ ನೋಡಿದ್ರಾ?"

"ನೋಡಿದೆಪಾ ತಮ್ಮಾ. ಅಂವಗ ನೀ ಸಿಗಲೇ ಇಲ್ಲ. ಬರೇ ಗಾಳಿ ಬಡದಾ ಅಂವ."

ಅನುವಾದ ಮಾಡಿದೆ. ಅವರು ಕಣ್ಣು ಮುಚ್ಚಿ ನಕ್ಕರು.

ಆದರೆ ಆ ಟಾವೆಲ್ಲು ಅಟ್ಲಾಂಟಿಕ್ ಸಿಟಿಯಲ್ಲೇ ಬೀಳಬೇಕಾಗಿತ್ತು. ಒಂದು ವರ್ಷದೊಳಗೆ ಮರೆವು ಶುರುವಾಯಿತು. ಸೀಕಾಕಸ್‌ನ ದಾರಿ ಮರೆತರು, ಕೆಲಸ ಬಿಟ್ಟರು, ಕಾರಿನ ಕೀಲಿಯನ್ನು ಹೆಂಡತಿ ತೆಗೆದಿಟ್ಟಳು. ಒಂದು ಸಂಜೆ ಮೆಟ್ಟಿಲ ಮೇಲೆ ದಪ್‌ದಪ್ ಸಪ್ಪಳ ಕೇಳಿ ಯಾರಪ್ಪಾ ಎಂದು ಬಾಗಿಲು ತೆರೆದರೆ ಅವರು. ಅಷ್ಟು ವರ್ಷಗಳಲ್ಲಿ ಅವರ ಹೆಜ್ಜೆ ನನಗೆ ಕೇಳಿಸಿದ್ದು ಅದೇ ಮೊದಲು. ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ದಿನಾ ಸಂಜೆ ಹಾಗೆ ಸದ್ದು ಮಾಡುತ್ತಾ ಮೇಲೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು. "ಅವ್ವಾ, ಮೊದಲ ರೌಂಡ್ ನೋಡಿದ್ರಾ?" ದಿನಾ ಅವ್ವ ಎದ್ದು ನಿಂತು, ಕೋಲನ್ನು ಗೋಡೆಗೆ ಆನಿಸಿ, ಹುಡುಗನ ಹಾಗೆ ಗಾಳಿಗೆ ಗುದ್ದಿ ತೋರಿಸುತ್ತಿದ್ದಳು. ಅವರು ನಗುತ್ತಿದ್ದರು. ನನಗೆ ಕೆಲವು ದಿನ ತಡೆದುಕೊಳ್ಳಲಾಗುತ್ತಿರಲಿಲ್ಲ. ಅವ್ವನಿಗೆ ಒಂದು ದಿನವೂ ಬೇಸರ ಬರಲಿಲ್ಲ. ಮುಂದೆ ಅವರು ಆ ಪ್ರಶ್ನೆಯನ್ನೂ ಮರೆತರು, ಸುಮ್ಮನೆ ಬಂದು ಕುಳಿತುಕೊಳ್ಳುತ್ತಿದ್ದರು. ಅವ್ವ ಕೇಳದೆಯೇ ಹೇಳುತ್ತಿದ್ದಳು.

ಕಳೆದ ಚಳಿಗಾಲ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದರು. ಉಸಿರಾಡಿಸಲು ಯಂತ್ರ ಹಾಕಿದ್ದರು. ಇನ್ನು ಚೇತರಿಕೆ ಇಲ್ಲ, ಯಂತ್ರ ತೆಗೆಯುವುದೋ ಬೇಡವೋ ನೀವು ಹೇಳಬೇಕು ಎಂದು ಡಾಕ್ಟರು ಹೆಂಡತಿಯ ಮುಂದಿಟ್ಟರು. ಬೆಳಿಗ್ಗೆ ಆಕೆ ನನಗೆ ಫೋನ್ ಮಾಡಿದಳು. "ನಿನ್ನ ಅಮ್ಮನ್ನ ಕರ್ಕೊಂಡು ಬಾ. ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಅವ್ವ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ನನ್ನ ಕೈ ಹಿಡಿಯಲಿಲ್ಲ. ಎಡಗಾಲು ಮುಂದೆ, ಬಲಗಾಲು ಅದರ ಹಿಂದೆ ಇಡುತ್ತಾ ತಾನೇ ನಡೆದು ಹಾಸಿಗೆಯ ಹತ್ತಿರ ಹೋದಳು. ಹೆಂಡತಿ ಕೈಚೀಲದಿಂದ ಆ ಟಾವೆಲ್ಲು ತೆಗೆದಳು. ಒಂದು ಅಂಚಿನಲ್ಲಿ ಒಗೆದರೂ ಹೋಗದ ಕಂದು ಕಲೆ ಇತ್ತು. ಅವ್ವನಿಗೆ ಕೊಡಲು ಬಂದಳು.

"ನಾವಿಬ್ಬರೂ ಕೂಡೇ ಹಾಕೂಣು ಬಾ ಯವ್ವಾ," ಎಂದಳು ಅವ್ವ.

ಇಬ್ಬರೂ ಒಂದೊಂದು ಅಂಚು ಹಿಡಿದು ಅವರ ಹೆಗಲಿಗೆ ಹೊದಿಸಿದರು. ಹೆಂಡತಿ ತಿರುಗಿ, ಯಂತ್ರ ತೆಗೆಯಿರಿ ಎನ್ನುವಂತೆ ಡಾಕ್ಟರರಿಗೆ ತಲೆಯಾಡಿಸಿದಳು. ಅವ್ವ ಬಗ್ಗಿ, ಆ ಬೋಳು ಹುಬ್ಬಿನ ಮೇಲೆ ಕೈಯಿಟ್ಟು, ಅವರ ಕಿವಿಯ ಹತ್ತಿರ ಮತ್ತೆ ಹೇಳತೊಡಗಿದಳು. ಅನುವಾದ ಮಾಡೆಂದು ನನ್ನ ಕಡೆ ತಿರುಗಲಿಲ್ಲ.

"ನೋಡಿದೆಪಾ ತಮ್ಮಾ. ಅಂವಗ ನೀ ಸಿಗಲೇ ಇಲ್ಲ."